ಮದಾಂ ದ ಪಾಂಪದೂರಳ ಒಂದು ಭಾವಚಿತ್ರ

ಫ್ರಾನ್ಸಿನ ಹದಿನೈದನೆಯ ಲೂಯಿಯ ಆಸ್ಥಾನವನ್ನು ವರ್ಣಿಸುವವರು ಮದಾಂ ದ ಪಾಂಪದೂರಳನ್ನು ಅರಸನನ್ನು ಮರುಳುಗೊಳಿಸಿದ ರೂಪವತಿಯೆಂದೋ ಬೊಕ್ಕಸವನ್ನು ಬರಿದುಮಾಡಿದ ದುಂದುಗಾತಿಯೆಂದೋ ಸಾಮಾನ್ಯವಾಗಿ ಕರೆಯುತ್ತಾರೆ. ಈ ಮಾತುಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಲಾ ತೂರ್ ಎಂಬ ಕಲಾವಿದನು ಬಣ್ಣದ ಕಡ್ಡಿಗಳಿಂದ ರಚಿಸಿದ, ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಆಕೆಯ ಭಾವಚಿತ್ರ ಬೇರೊಂದು ಮಾತನ್ನು ಹೇಳುತ್ತದೆ. ಆ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

1755ರಲ್ಲಿ ಸಲೋನ್ ಪ್ರದರ್ಶನಕ್ಕೆ ಬಂದ ಈ ಚಿತ್ರದಲ್ಲಿ ಉಡುಪೇನೋ ವೈಭವದ್ದೇ. ಆದರೆ ಮೈಮೇಲೆ ಒಡವೆಯಿಲ್ಲ. ಕೈಯಲ್ಲಿ ಸಂಗೀತದ ಹಾಳೆ. ಮೇಜಿನ ಮೇಲೆ ಭೂಗೋಳ, ವಾಲ್ಟೇರನ ಕಾವ್ಯ, ಕಾನೂನುಗಳನ್ನು ಕುರಿತ ಮಾಂಟೆಸ್ಕ್ಯೂವಿನ ಗ್ರಂಥ, ದಿದೆರೋ ಮೊದಲಾದವರ ವಿಶ್ವಕೋಶದ ನಾಲ್ಕನೆಯ ಸಂಪುಟ. ಈ ಕೊನೆಯ ಎರಡು ಗ್ರಂಥಗಳೇ ಗಮನಾರ್ಹ. ಮಾಂಟೆಸ್ಕ್ಯೂವಿನ ಗ್ರಂಥವು 1751ರಲ್ಲಿ ರೋಮಿನ ಚರ್ಚಿನ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿತ್ತು. ವಿಶ್ವಕೋಶದ ಮೊದಲೆರಡು ಸಂಪುಟಗಳನ್ನು 1752ರಲ್ಲಿ ಅರಸನ ಮಂತ್ರಾಲೋಚನ ಸಭೆಯೇ ನಿಷೇಧಿಸಿತ್ತು. ಅನಂತರ ಪ್ರಕಟಣೆ ಮುಂದುವರಿದಿತ್ತೆಂಬುದು ನಿಜ. ಆದರೂ ಅರಸನ ಆಪ್ತೆಯೊಬ್ಬಳು ಅಂತಹ ಗ್ರಂಥದೊಡನೆ ಸಾರ್ವಜನಿಕರೆದುರು ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಆ ಸಂಪುಟಗಳು ಮುಚ್ಚಿವೆ. ಹೆಸರು ನಮಗೆ ಕಾಣುವಂತೆ ಬೆನ್ನು ತಿರುಗಿಸಿ ನಿಂತಿವೆ. ಓದುವವರ ಮೇಜು ಹೀಗಿರುವುದು ವಿರಳ! ಅರಸನೊಡನೆ ಆಕೆಯ ದೇಹಸಂಬಂಧ 1750ರ ಸುಮಾರಿಗೇ ಮುಗಿದಿದ್ದು, ಸ್ನೇಹ ಮಾತ್ರ ಉಳಿದಿತ್ತು. ಆಸ್ಥಾನದಲ್ಲಿ ಸ್ಥಾನವನ್ನು ಉಳಿಸಿಕೊಳ್ಳಲು ರೂಪಕ್ಕಿಂತ ಬಾಳಿಕೆಯ ಬಲವೊಂದು ಆಕೆಗೆ ಬೇಕಾಗಿತ್ತು. ಚಿತ್ರವು ಆ ಅಗತ್ಯದ ಫಲವೆಂದು ನಮಗೆ ತೋರುತ್ತದೆ. ಮರುವರ್ಷ ಬೂಶೆ ಬರೆದ ಚಿತ್ರದಲ್ಲಿ ಆಕೆಯ ಕೈಯಲ್ಲಿ ತೆರೆದ ಪುಸ್ತಕವೇ ಇದೆ. ಆದರೆ ಅಲ್ಲಿ ಗುಲಾಬಿಗಳಿಂದ ತುಂಬಿದ ಉಡುಪೇ ನಾಯಿಕೆ.

ಹಾಗಾದರೆ ಪುಸ್ತಕಗಳು ಬರಿಯ ವೇಷವೇ? ಹಾಗೆನ್ನಲಾಗದು. 1764ರಲ್ಲಿ ಆಕೆ ತೀರಿಕೊಂಡ ಮೇಲೆ ಅಚ್ಚಾದ ಆಕೆಯ ಪುಸ್ತಕಭಂಡಾರದ ಪಟ್ಟಿಯಲ್ಲಿ ಮೂರು ಸಾವಿರಕ್ಕೂ ಮಿಕ್ಕ ನಮೂದುಗಳಿವೆ. ಆದರೂ ಆಕೆಯ ಪ್ರಭಾವಕ್ಕೆ ಮಿತಿಯಿತ್ತು: 1759ರಲ್ಲಿ ವಿಶ್ವಕೋಶದ ಮುದ್ರಣಾಧಿಕಾರ ರದ್ದಾದಾಗ ಆಕೆ ಇನ್ನೂ ಆಸ್ಥಾನದಲ್ಲಿಯೇ ಇದ್ದಳು.

ನಮಗೆ ಹೆಚ್ಚು ಅರ್ಥವತ್ತಾಗಿ ಕಾಣುವುದು ಗ್ರಂಥಗಳಲ್ಲ, ಮೇಜಿನಂಚಿನಿಂದ ಇಳಿಬಿದ್ದಿರುವ ಒಂದು ಮುದ್ರಚಿತ್ರ. ಅದರ ಮೇಲಿನ ಲ್ಯಾಟಿನ್ ಬರಹ ಆಕೆಯನ್ನು ಕೆತ್ತನೆಗಾರ್ತಿಯೆಂದು ಹೆಸರಿಸುತ್ತದೆ. ಝಾಕ್ ಗೇ ಎಂಬ ಕುಶಲಿಯು ರತ್ನಗಳಲ್ಲಿ ಕೆತ್ತಿದ ಆಕೃತಿಗಳನ್ನು ಆಕೆ ಸ್ವತಃ ತಾಮ್ರಫಲಕದಲ್ಲಿ ಕೊರೆದಿದ್ದಳು. ಮೇಜಿನ ಮೇಲಿನ ಮಿಕ್ಕ ವಸ್ತುಗಳು ಆಕೆಯ ಒಡೆತನವನ್ನು ಸೂಚಿಸುತ್ತವೆ. ಇದೊಂದು ಆಕೆಯ ಕೈಗೆಲಸವನ್ನು.