ಅಂಕವೂ ಅವಸ್ಥೆಯೂ: ನರರೋಗಿಗಳ ಬುದ್ಧಿಪರೀಕ್ಷೆಯನ್ನು ಕುರಿತ ಒಂದು ವಿಮರ್ಶೆ

ಹಾನಗಲ್ಲಿನ ಕದಂಬರ ಶಾಸನಗಳನ್ನು ಓದಲು ತೊಡಗುವ ವಿದ್ಯಾರ್ಥಿಗೆ ನಾವು ಮೊದಲು ಹೇಳಿಕೊಡುವ ಪಾಠವೊಂದುಂಟು. ಪಡಿಯಚ್ಚಿನಲ್ಲಿ ಅಕ್ಷರವೊಂದು ಕಾಣದಿದ್ದರೆ ಅದು ಕಲ್ಲಿನಲ್ಲಿಯೇ ಸವೆದಿರಬಹುದು. ಇಲ್ಲವೆ ಕಾಗದ ಸರಿಯಾಗಿ ಒತ್ತದೆ, ಮಸಿ ಸಮನಾಗಿ ಹತ್ತದೆ ಹೋಗಿರಬಹುದು. ಕಲ್ಲಿನ ದೋಷವನ್ನೂ ಅಚ್ಚಿನ ದೋಷವನ್ನೂ ಬೇರ್ಪಡಿಸದೆ ಪಾಠವನ್ನು ನಿರ್ಣಯಿಸುವುದು ಯುಕ್ತವಲ್ಲ. ಪಾರ್ಶ್ವವಾಯು, ಅಪಸ್ಮಾರ, ಪಾರ್ಕಿನ್ಸನ್ ಮೊದಲಾದ ನರರೋಗಗಳಿಂದ ಬಳಲುವವರ ಸ್ಮರಣೆ, ಅವಧಾನ, ವಿಚಾರಶಕ್ತಿಗಳನ್ನು ಅಳೆದು ಬರೆಯುವ ವರದಿಗಳನ್ನು ಕಂಡಾಗ ನಮಗೆ ಇದೇ ಪಾಠ ನೆನಪಾಗುತ್ತದೆ. ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆದರೆ ವರದಿಯೂ ಒಂದು ದಾಖಲೆಯೇ ಆಗಿರುವುದರಿಂದ ಅದರ ಪರಿಶೀಲನೆ ನಮ್ಮ ಅಧಿಕಾರಕ್ಕೆ ಹೊರತಾದುದಲ್ಲವೆಂದು ಭಾವಿಸುತ್ತೇವೆ.

ಈ ಬಗೆಯ ಅಳತೆ ಕನ್ನಡಕ್ಕೆ ಹೊಸದಲ್ಲ. 1905ರಲ್ಲಿ ಬಿನೆ ಮತ್ತು ಸಿಮೋನರು ಪ್ಯಾರಿಸಿನಲ್ಲಿ ರಚಿಸಿದ ಮಾಪನದ ಮುಂದಿನ ರೂಪವನ್ನು ವಿ. ವಿ. ಕಾಮತರು ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ದೀರ್ಘಕಾಲ ಬಳಕೆಯಲ್ಲಿ ಉಳಿಯಿತು. ಪರೀಕ್ಷೆ ನಿಶ್ಶಬ್ದವಾದ ಪ್ರತ್ಯೇಕ ಕೋಣೆಯಲ್ಲಿ ನಡೆಯಬೇಕೆಂದು ಬಿನೆಯವರೇ ವಿಧಿಸಿದ್ದರು. ಅಳೆಯಲ್ಪಡುವವನ ಅವಸ್ಥೆ ಅಂಕದೊಳಗೆ ನುಸುಳುತ್ತದೆಂಬ ಅರಿವು ಈ ಶಾಸ್ತ್ರದ ಹುಟ್ಟಿನಲ್ಲಿಯೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ವಯಸ್ಕ ರೋಗಿಗಳ ವಿಷಯದಲ್ಲಿ ನಮ್ಮ ನಾಡಿನ ಮುಖ್ಯ ಸಾಧನೆಯೆಂದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ 2004ರಲ್ಲಿ ಹೊರಬಂದ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರರ ಪರೀಕ್ಷಾಮಾಲೆ. ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ಅನುಸಾರವಾಗಿ, ಅನಕ್ಷರಸ್ಥರನ್ನೂ ಒಳಗೊಂಡು, ಅದರ ಪ್ರಮಾಣಾಂಕಗಳು ಸಿದ್ಧವಾಗಿವೆ. ಶಾಲೆಯ ಮೆಟ್ಟಿಲು ಹತ್ತದವರನ್ನು ಪದವೀಧರರೊಡನೆ ತೂಗುವ ಅನ್ಯಾಯಕ್ಕೆ ಇದು ತಡೆಯೊಡ್ಡಿತು. ಆದರೆ ಇಂಥ ಪ್ರಮಾಣಾಂಕಗಳು ಆರೋಗ್ಯವಂತರಿಂದ ಪಡೆದವು. ರೋಗಿಯ ಅಂಕ ಎಷ್ಟು ತಗ್ಗಿದೆಯೆಂಬುದನ್ನು ಅವು ಹೇಳಬಲ್ಲವು. ಏಕೆ ತಗ್ಗಿದೆಯೆಂಬುದನ್ನು ಹೇಳಲಾರವು. ಆ ಎರಡನೆಯ ಕೆಲಸ ಪರೀಕ್ಷಕನದು.

ಅಂಕವನ್ನು ತಗ್ಗಿಸುವ ಕಾರಣಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಮನಃಸ್ಥಿತಿ. ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರು ಖಿನ್ನತೆಗೆ ತುತ್ತಾಗುವರು. ಖಿನ್ನನಾದವನ ಆಲೋಚನೆ ನಿಧಾನವಾಗುತ್ತದೆ. ಕಲಿತ ಪದಗಳು ತಾವಾಗಿ ಬಾಯಿಗೆ ಬಾರವು. ಸುಳಿವು ಕೊಟ್ಟರೆ ಅನೇಕ ವೇಳೆ ಬರುತ್ತವೆ. ನೆನಪು ನೆಲೆಗೊಳ್ಳದೆಯೇ ಹೋದವನಿಗೆ ಸುಳಿವಿನಿಂದ ಅಷ್ಟು ಪ್ರಯೋಜನವಿಲ್ಲ. ಎರಡನೆಯದು ನೋವು. ನೋವು ಅವಧಾನವನ್ನು ತನ್ನೆಡೆಗೆ ಸೆಳೆದುಕೊಳ್ಳುವುದರಿಂದ ಅಂಕಿಗಳನ್ನು ಹಿಂದುಮುಂದಾಗಿ ಹೇಳುವಂಥ ಕೆಲಸ ಕೆಡುತ್ತದೆ. ಅಲ್ಲದೆ ಕಾಲಮಿತಿಯೊಳಗೆ ಬರೆಯಬೇಕಾದ ಪರೀಕ್ಷೆಯಲ್ಲಿ ನೋಯುವ ಭುಜದ ನಿಧಾನವೂ ಬುದ್ಧಿಯ ನಿಧಾನವೆಂದೇ ಲೆಕ್ಕಕ್ಕೆ ಬರುವುದುಂಟು. ಮೂರನೆಯದು ದಣಿವು. ಇದು ದೀರ್ಘ ಪರೀಕ್ಷೆಯ ಕೊನೆಯ ಭಾಗಗಳಲ್ಲಿ ಹೆಚ್ಚು ತೋರುತ್ತದೆ. ಆದರೆ ದಣಿದೆನೆಂದು ಹೇಳಿಕೊಳ್ಳುವವರ ಅಂಕವೆಲ್ಲ ತಗ್ಗಿರುವುದಿಲ್ಲ; ದೂರಿಗೂ ಸಾಧನೆಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಇವುಗಳೊಡನೆ ಔಷಧವನ್ನೂ ಗಣಿಸಬೇಕು. ಅಪಸ್ಮಾರಕ್ಕೆ ಕೊಡುವ ಫಿನೋಬಾರ್ಬಿಟೋನ್, ಟೋಪಿರಮೇಟ್‌ಗಳು ತಾವೇ ಬುದ್ಧಿಯನ್ನು ಮಂದಗೊಳಿಸಬಲ್ಲವು.

ಇಲ್ಲಿ ನಮ್ಮ ಭಾಗದ ವಿಶೇಷ ಸಮಸ್ಯೆಯೊಂದುಂಟು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ರೋಗಿಗಳು ಪೂರ್ಣ ಪರೀಕ್ಷೆ ಬೇಕಾದಾಗ ಸಾಮಾನ್ಯವಾಗಿ ಹುಬ್ಬಳ್ಳಿ, ಧಾರವಾಡ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಹಿರೇಕೆರೂರು ತಾಲೂಕಿನ ರೈತರಾದ ನಮ್ಮ ಬಂಧುಗಳೊಬ್ಬರು ಪಾರ್ಶ್ವವಾಯುವಾದ ಮೇಲೆ ಹೀಗೆಯೇ ನಸುಕಿನ ಬಸ್ಸು ಹಿಡಿದು ದೂರದ ಆಸ್ಪತ್ರೆಯೊಂದಕ್ಕೆ ಹೋದರು. ಬಲಭುಜದ ನೋವಿನಿಂದ ಅವರಿಗೆ ಹಲವು ರಾತ್ರಿ ನಿದ್ದೆಯಿರಲಿಲ್ಲ. ಸರದಿ ಬಂದುದು ಮಧ್ಯಾಹ್ನದ ಮೇಲೆ. ಸ್ಮರಣೆ, ಅವಧಾನ, ವೇಗ ಮೂರೂ ತೀವ್ರವಾಗಿ ಕುಂದಿವೆಯೆಂದು ವರದಿ ಬಂದಿತು. ಭುಜದ ಮಾತಾಗಲಿ ನಿದ್ದೆಯ ಮಾತಾಗಲಿ ಅದರಲ್ಲಿ ಇರಲಿಲ್ಲ. ಮನೆಯವರು ಅದನ್ನು ನಂಬಿ, ಹೊಲ–ಸಾಲಗಳ ವ್ಯವಹಾರದಲ್ಲಿ ಅವರನ್ನು ಕೇಳುವುದನ್ನೇ ಬಿಟ್ಟರು. ತಾವು ಯಾವುದಕ್ಕೂ ಬೇಡವಾದೆವೆಂಬ ಕೊರಗು ಅವರಲ್ಲಿ ಇನ್ನಷ್ಟು ಬಲಿಯಿತು.

ಕೆಲವು ತಿಂಗಳುಗಳ ತರುವಾಯ, ಭುಜಕ್ಕೂ ಖಿನ್ನತೆಗೂ ಚಿಕಿತ್ಸೆಯಾದ ಮೇಲೆ, ಹಿಂದಿನ ರಾತ್ರಿ ನಗರದಲ್ಲಿಯೇ ತಂಗಿ, ಬೆಳಗಿನ ಹೊತ್ತು ಎರಡು ಸರದಿಗಳಲ್ಲಿ ಮತ್ತೆ ಪರೀಕ್ಷೆಗೆ ಕುಳಿತರು. ಅವಧಾನ ಮತ್ತು ವೇಗ ಬಹುಮಟ್ಟಿಗೆ ಸುಧಾರಿಸಿದ್ದುವು. ಆದರೆ ಕೇಳಿಸಿದ ಪದಗಳು ಅರ್ಧ ಗಂಟೆಯ ನಂತರ, ಸುಳಿವು ಕೊಟ್ಟರೂ, ಮರಳಲಿಲ್ಲ. ಮೊದಲ ವರದಿ ಒಂದಂಶದಲ್ಲಿ ನಿಜವನ್ನೂ ಎರಡಂಶದಲ್ಲಿ ಅರೆನಿಜವನ್ನೂ ಹೇಳಿದ್ದಿತು. ಯಾವುದು ಯಾವುದೆಂದು ತಿಳಿಯುವ ದಾರಿಯನ್ನು ಮಾತ್ರ ಅದು ಉಳಿಸಿರಲಿಲ್ಲ. ಏರಿಕೆಯನ್ನೆಲ್ಲ ನೋವು–ದಣಿವುಗಳ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಮಿದುಳಿನ ಸಹಜ ಚೇತರಿಕೆಯೂ ಪರೀಕ್ಷೆಯ ಪರಿಚಯವೂ ಅದರಲ್ಲಿ ಪಾಲು ಪಡೆದಿರಬೇಕು.

ಹಾಗಾದರೆ ತಗ್ಗಿದ ಅಂಕಕ್ಕೆ ಖಿನ್ನತೆಯ ಪಾಲನ್ನು ಕೂಡಿಸಿ ಸರಿಪಡಿಸಬಾರದೇಕೆಂದು ಕೆಲವರು ಕೇಳಬಹುದು. ನಾವು ಒಪ್ಪಲಾರೆವು. ಕೀಲೋ ಅವರು 1961ರಲ್ಲಿ ಹುಸಿ ಮರೆವಿನ ರೋಗವನ್ನು ಕುರಿತು ಬರೆದು, ಮರೆವೆಂದು ತೋರಿದುದು ಚಿಕಿತ್ಸೆಯಿಂದ ನೀಗುವ ಖಿನ್ನತೆಯಾಗಿರಬಹುದೆಂದು ಎಚ್ಚರಿಸಿದರು. ಆದರೆ ಅಂಥವರಲ್ಲಿ ಕೆಲವರಿಗೆ ವರ್ಷಗಳ ನಂತರ ನಿಜವಾದ ಮರೆವಿನ ರೋಗವೇ ಬಂದುದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ಪಾರ್ಕಿನ್ಸನ್ ರೋಗದಲ್ಲಂತೂ ಖಿನ್ನತೆ ರೋಗದ ಅಂಗವೇ ಆಗಿರಬಹುದು. ನಮ್ಮ ಉಪಮಾನ ಇಲ್ಲಿ ಸೋಲುತ್ತದೆ: ಮಸಿಯ ಕಲೆ ಕಲ್ಲಿಗೆ ಸೇರಿದುದಲ್ಲ, ಮನಸ್ಸಿನ ಕಲೆಯಾದರೋ ಮಿದುಳಿಗೂ ಸೇರಿದುದಾಗಿರಬಹುದು. ಆದುದರಿಂದ ಎಲ್ಲವೂ ಬೇಸರದಿಂದ ಆದುದೆಂದು ರೋಗಿಯನ್ನು ಹಿಂದಕ್ಕೆ ಕಳುಹಿಸುವುದು, ಅಂಕವನ್ನು ಕುರುಡಾಗಿ ನಂಬುವಷ್ಟೇ ಅಪಾಯಕರ.

ನಮ್ಮ ಬೇಡಿಕೆ ಚಿಕ್ಕದು. ಪರೀಕ್ಷೆ ನಡೆದ ಹೊತ್ತು, ಪ್ರಯಾಣ, ಹಿಂದಿನ ರಾತ್ರಿಯ ನಿದ್ದೆ, ಆ ಹೊತ್ತಿನ ನೋವು, ಮನಃಸ್ಥಿತಿ, ಸೇವಿಸಿದ ಔಷಧ ಇವಿಷ್ಟೂ ಅಂಕದ ಪಕ್ಕದಲ್ಲಿಯೇ ಬರೆಯಲ್ಪಡಬೇಕು. ಸಂಶಯವಿದ್ದಲ್ಲಿ ಮತ್ತೊಮ್ಮೆ, ಬೆಳಗಿನಲ್ಲಿ, ಬಿಡುವು ಕೊಟ್ಟು ಪರೀಕ್ಷಿಸಬೇಕು. ಇಲ್ಲವಾದರೆ ನಗರದವನ ಅಂಕದಲ್ಲಿ ರೋಗವೊಂದೇ ಇರುತ್ತದೆ, ಹಳ್ಳಿಯವನ ಅಂಕದಲ್ಲಿ ರೋಗದೊಡನೆ ಬಸ್ಸಿನ ದಾರಿಯೂ ಇರುತ್ತದೆ. ಕಾಲ, ಸ್ಥಳ ತಿಳಿಯದ ದಾಖಲೆಯ ಮೇಲೆ ರಾಜವಂಶವೊಂದರ ಚರಿತ್ರೆಯನ್ನು ಬರೆಯಲು ನಾವು ಹಿಂಜರಿಯುತ್ತೇವೆ. ಬದುಕಿರುವ ಮನುಷ್ಯನೊಬ್ಬನ ಬುದ್ಧಿಯನ್ನು ಕುರಿತು ತೀರ್ಪು ಬರೆಯುವಾಗಲೂ ಅಷ್ಟು ಹಿಂಜರಿಕೆ ಇರತಕ್ಕದ್ದು.