ತಕ್ಕಡಿಗೆ ಸಿಗದ ಕುಸುರಿ

ಹಳೇ ಬೆಳ್ಳಿ ಮಾರಲು ಹೋದವರಿಗೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ‘ಬೆಳ್ಳಿಗೆ ತೂಕವೇ ಬೆಲೆಯಮ್ಮ, ಕೆಲಸಕ್ಕೆಲ್ಲ ನಾವು ಕೊಡಲ್ಲ.’ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣದ ಸುತ್ತಲಿನ ಹಳ್ಳಿಗಳಿಂದ ಕಡಗ, ಡಾಬು, ಕುಂಕುಮದ ಭರಣಿ ಹಿಡಿದು ವಿಜಯಪುರಕ್ಕೋ ದೇವನಹಳ್ಳಿ ಪೇಟೆಗೋ ಹೋಗುವವರಿಗೆ ಈ ಮಾತು ಹೊಸದಲ್ಲ. ಕಲ್ಲಿದ್ದರೆ ಕೀಳುತ್ತಾರೆ, ಅರಗಿದ್ದರೆ ಕರಗಿಸುತ್ತಾರೆ, ಬಣ್ಣವಿದ್ದರೆ ಕೆರೆಯುತ್ತಾರೆ. ಉಳಿದದ್ದು ತಕ್ಕಡಿಗೆ, ಅಲ್ಲಿಂದ ಮೂಸೆಗೆ. 2025ರಲ್ಲಿ ಬೆಳ್ಳಿ ಕೆಜಿಗೆ ಲಕ್ಷ ರೂಪಾಯಿ ದಾಟಿದ ಮೇಲಂತೂ ಗೂಡಿನಲ್ಲಿಟ್ಟ ಹಳೇ ಸಾಮಾನು ಕಂಡಾಗೆಲ್ಲ ಮನೆಯವರ ಬಾಯಿಗೆ ಮೊದಲು ಬರುವುದು ಗ್ರಾಂ ಲೆಕ್ಕ.

ಈ ಲೆಕ್ಕದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಟೊಳ್ಳು ಕಡಗದೊಳಗೆ ತುಂಬಿದ ಅರಗನ್ನು ಬೆಳ್ಳಿಯ ದರಕ್ಕೆ ಯಾರೂ ಕೊಳ್ಳಲಾರರು. ಇತ್ತೀಚಿನ ಅಗ್ಗದ ಸಾಮಾನುಗಳ ಮೇಲೆ ಹಚ್ಚುವ ಅಂಟುಬಣ್ಣವೂ ಉಗುರು ತಾಕಿಸಿದರೆ ಏಳುವಂಥದ್ದು. ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಗಿರವಿ ಅಂಗಡಿಯ ಅನುಕೂಲಕ್ಕೆ ಹುಟ್ಟಿದ ಈ ಅಳತೆ, ಒಂದು ವಸ್ತುವಿನಲ್ಲಿ ಏನಿದೆ ಎಂಬುದರ ಕೊನೆಯ ತೀರ್ಪಾಗಿ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಬೆಳ್ಳಿಯೇ ಅಸಲು, ಬಣ್ಣ ಬರೀ ಮೇಲಿನ ಸಿಂಗಾರ ಎಂದು ಓದಿದವರೂ ಹೇಳುತ್ತಾರೆ. ಈ ನಂಬಿಕೆ ಎಷ್ಟು ಪೊಳ್ಳೆಂದು ತೋರಿಸಲು ಬಣ್ಣದ ಗಾಜನ್ನು ಕರಗಿಸಿ ಕೂರಿಸಿದ ರಷ್ಯಾದ ಹಳೆಯ ಮೀನಾ ಬೆಳ್ಳಿಗಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಪೊದ್‌ಸ್ತಕಾನ್ನಿಕ್ ಎಂಬ ಸಾಮಾನನ್ನೇ ನೋಡಿ. ಬಿಸಿ ಚಹಾದ ಗಾಜಿನ ಲೋಟ ಕೈ ಸುಡದಂತೆ ಕೂರಿಸುವ, ಹಿಡಿಯುಳ್ಳ ಬೆಳ್ಳಿಯ ಕವಚ. ಮಾಸ್ಕೋದ ಕಾರ್ಖಾನೆಗಳಲ್ಲಿ 19ನೇ ಶತಮಾನದ ಕೊನೆಯಲ್ಲಿ ತಯಾರಾದ ಒಳ್ಳೆಯ ಮಾದರಿಯಲ್ಲಿ ಬೆಳ್ಳಿ ಬರಿಗಣ್ಣಿಗೆ ಅಷ್ಟಾಗಿ ಕಾಣುವುದೇ ಇಲ್ಲ. ಎರಡು ಸಣ್ಣ ತಂತಿಗಳನ್ನು ಹುರಿಗೊಳಿಸಿ, ತಟ್ಟಿ ಚಪ್ಪಟೆ ಮಾಡಿ, ಬಳ್ಳಿಯಾಗಿ ಎಲೆಯಾಗಿ ಬಾಗಿಸಿ ಮೈಮೇಲೆ ಬೆಸೆದಿರುತ್ತಾರೆ. ಹುರಿಯ ಅಂಚು ಸಾಲು ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ತಂತಿಗಳ ನಡುವಿನ ಪುಟ್ಟ ಗೂಡುಗಳಿಗೆ ನೀರಿನಲ್ಲಿ ಅರೆದು ತೊಳೆದ ಬಣ್ಣದ ಗಾಜಿನ ಪುಡಿಯನ್ನು ತುಂಬಿ, ಒಣಗಿಸಿ, ಪುಟಕ್ಕಿಡುತ್ತಾರೆ. ಕರಗಿದಾಗ ಗಾಜು ತಗ್ಗುತ್ತದೆ. ಮತ್ತೆ ತುಂಬಬೇಕು, ಮತ್ತೆ ಪುಟಕ್ಕಿಡಬೇಕು. ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ, ಮಾಣಿಕ್ಯದ ಕೆಂಪಿಗೆ ಬಂಗಾರ. ಹೆಚ್ಚು ಶಾಖ ಬೇಡುವ ಬಣ್ಣ ಮೊದಲು, ಬೇಗ ಕೆಡುವ ಬಣ್ಣ ಕೊನೆಗೆ.

ಕಷ್ಟವಿರುವುದು ಶಾಖದಲ್ಲಿ. ಗಾಜಿನ ಪುಡಿ ಕರಗಿ ಹರಡಲು ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್ ಬೇಕು. ಶುದ್ಧ ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ, ಆದರೆ ತಾಮ್ರ ಬೆರೆತ ಬೆಳ್ಳಿ ಸುಮಾರು 780ಕ್ಕೇ ಮೆತ್ತಗಾಗತೊಡಗುತ್ತದೆ. ತಂತಿ ಹಿಡಿದಿರುವ ಬೆಸುಗೆ ಅದಕ್ಕೂ ಮೊದಲೇ ಬಿಟ್ಟುಕೊಡಬಹುದು. ಹೀಗಾಗಿ ಬಣ್ಣ ಕರಗುವ ಘಳಿಗೆಗೂ ಇಡೀ ಪಾತ್ರೆ ಕುಸಿಯುವ ಘಳಿಗೆಗೂ ನಡುವೆ ಉಳಿಯುವ ಜಾಗ ಬಹಳ ಕಿರಿದು. ಕುಲುಮೆಯೊಳಗಿನ ಕೆಂಪು ನೋಡಿಯೇ ಅಂದಾಜು ಮಾಡುತ್ತಿದ್ದ ಕಾಲದಲ್ಲಿ ಆ ಜಾಗವನ್ನು ಕಾಯುತ್ತಿದ್ದದ್ದು ಕುಶಲಿಯ ಕಣ್ಣು. ತಣಿಯುವಾಗಲೂ ಗಾಜು, ಲೋಹ ಎರಡೂ ತೀರಾ ಬೇರೆ ಪ್ರಮಾಣದಲ್ಲಿ ಕುಗ್ಗಿದರೆ ಬಿರುಕು ಬಿಡಬಹುದು. ಇಷ್ಟೆಲ್ಲ ದಾಟಿ ಬಂದ ಬಣ್ಣ ಬೆಳ್ಳಿಯೊಂದಿಗೆ ಬೆಸೆದು ಒಂದೇ ದೇಹವಾಗಿರುತ್ತದೆ. ಅದನ್ನು ಮೇಲಿನ ಸಿಂಗಾರ ಎಂದು ಕರೆಯುವುದು ಹೇಗೆ?

ಚೊಕ್ಕತನದ ಮಾತೂ ಇಲ್ಲಿ ನಿಲ್ಲುವುದಿಲ್ಲ. ರಷ್ಯಾದಲ್ಲಿ ಶುದ್ಧತೆಯನ್ನು ಜೊಲೊತ್ನಿಕ್‌ಗಳಲ್ಲಿ ಎಣಿಸುತ್ತಿದ್ದರು. 96 ಎಂದರೆ ಅಪ್ಪಟ. ಸಾಮಾನ್ಯವಾಗಿ ಕಾಣುವ ಮುದ್ರೆ 84, ಅಂದರೆ ಸಾವಿರಕ್ಕೆ 875. ನಮ್ಮ ಅಂಗಡಿಗಳು ಹೆಮ್ಮೆಯಿಂದ ಹೇಳುವ 925ಕ್ಕಿಂತ ಇದು ಕಡಿಮೆ. ಒರೆಗಲ್ಲಿನ ತೀರ್ಪು ನಂಬುವುದಾದರೆ ಇದು ಎರಡನೇ ದರ್ಜೆಯ ಮಾಲು. ಆದರೂ ಒಳ್ಳೆಯ ಕೆಲಸವಿದ್ದರೆ, ಅದರಲ್ಲಿರುವ ಬೆಳ್ಳಿಯ ದರಕ್ಕೆ ಸಂಬಂಧವೇ ಇಲ್ಲದ ಬೆಲೆಗೆ ಸಂಗ್ರಾಹಕರು ಅದನ್ನು ಕೊಳ್ಳುತ್ತಾರೆ.

ಹಾಗೆಂದು ಸಂಗ್ರಾಹಕರ ಕಣ್ಣೇ ಸರಿ ಎನ್ನಲೂ ನನ್ನ ಮನಸ್ಸು ಒಪ್ಪುವುದಿಲ್ಲ. ಅವರಲ್ಲಿ ಹಲವರು ತೂಕದ ಜಾಗದಲ್ಲಿ ಹೆಸರನ್ನು ಕೂರಿಸಿದ್ದಾರೆ. ಫ್ಯಾಬರ್ಜೆ ಎಂದರೆ ಕೈ ಮುಗಿಯುತ್ತಾರೆ. ಕಾರ್ಲ್ ಫ್ಯಾಬರ್ಜೆ ರಷ್ಯಾದಲ್ಲಿ ದೊಡ್ಡ ಆಭರಣ ಸಂಸ್ಥೆ ಕಟ್ಟಿದವನು, ನಿಜ. ಆದರೆ ಕೆಲಸ ನಡೆದದ್ದು ಬೇರೆಯವರ ಕೈಯಲ್ಲಿ. ಮಾಸ್ಕೋದಲ್ಲಿ ಸ್ವಂತ ಕಾರ್ಯಾಗಾರ ನಡೆಸುತ್ತಿದ್ದ ಫ್ಯೋದರ್ ರ್ಯೂಕರ್ಟ್ ಅವನಿಗೆ ಮೀನಾ ಕೆಲಸದ ಸಾಮಾನು ಒದಗಿಸುತ್ತಿದ್ದ. ಮಾಸಲು ಹಸಿರು, ಬೂದು ನೀಲಿಗಳ ಆ ಸಂಯಮ, ತಂತಿಬಳ್ಳಿಗಳ ನಡುವೆ ಪುಟ್ಟ ಚಿತ್ರಪಟ ಬರೆಸುವ ಧೈರ್ಯ ರ್ಯೂಕರ್ಟ್‌ನ ಕಾರ್ಯಾಗಾರದ್ದು. ಎಷ್ಟೋ ವಸ್ತುಗಳಲ್ಲಿ ಅವನ ಮುದ್ರೆಯ ಮೇಲೆಯೇ ಫ್ಯಾಬರ್ಜೆಯ ಮುದ್ರೆ ಒತ್ತಿದೆ. ಭೂತಗನ್ನಡಿ ಹಿಡಿದರೆ ಕೆಳಗಿನ ಅಕ್ಷರಗಳು ಅರೆಬರೆ ಇಣುಕುತ್ತವೆ. ಜೀತದ ರೈತಾಪಿಯಲ್ಲಿ ಹುಟ್ಟಿ, 1853ರಲ್ಲಿ ಸ್ವಂತ ಕಾರ್ಖಾನೆ ತೆರೆದು ರಷ್ಯಾದ ಮೀನಾ ಕೆಲಸಕ್ಕೆ ಮತ್ತೆ ಜೀವ ತುಂಬಿದವರಲ್ಲಿ ಮುಂದೆ ನಿಂತ ಪಾವೆಲ್ ಒವ್ಚಿನ್ನಿಕೊವ್‌ನ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ತೂಕ ನೋಡುವವನೂ ಹೆಸರು ನೋಡುವವನೂ ಒಂದೇ ಕಡೆ ಎಡವುತ್ತಾರೆ. ಇಬ್ಬರಿಗೂ ಕೆಲಸ ಕಾಣುವುದಿಲ್ಲ.

ಇದೆಲ್ಲ ದೂರದ ದೊರೆಗಳ ವೈಭವ, ದೇವನಹಳ್ಳಿ ತಾಲೂಕಿಗೇನು ಎಂದು ಕೇಳುವವರಿದ್ದಾರೆ. ನಂಟು ಬೆಂಗಳೂರಿನಲ್ಲೇ ಇದೆ. ಸ್ಮೊಲೆನ್ಸ್ಕ್ ಬಳಿಯ ತಲಾಶ್ಕಿನೊದಲ್ಲಿ ಕರಕುಶಲ ಕಾರ್ಯಾಗಾರಗಳನ್ನು ಕಟ್ಟಿದ ರಾಜಕುಮಾರಿ ಮರಿಯಾ ತೆನಿಶೆವಾ ಸ್ವತಃ ಕುಲುಮೆಯ ಮುಂದೆ ನಿಂತು ಮೀನಾ ಕೆಲಸ ಮಾಡಿದವರು, ಅದರ ಬಗ್ಗೆಯೇ ಸಂಶೋಧನಾ ಪ್ರಬಂಧ ಬರೆದವರು. ಅಲ್ಲಿನ ಅವರ ಚರ್ಚಿಗೆ ಮೊಸಾಯಿಕ್ ಚಿತ್ರ ರೂಪಿಸಿಕೊಟ್ಟವರು ಚಿತ್ರಕಾರ ನಿಕೊಲಾಯ್ ರೋರಿಕ್. ಆ ರೋರಿಕ್‌ರ ಮಗ ಸ್ವೆತೊಸ್ಲಾವ್ ಪತ್ನಿ, ನಟಿ ದೇವಿಕಾರಾಣಿಯೊಂದಿಗೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ಬಾಳಿ 1993ರಲ್ಲಿ ತೀರಿಕೊಂಡರು. ತಂದೆ ಮಗ ಇಬ್ಬರ ಚಿತ್ರಗಳೂ ಚಿತ್ರಕಲಾ ಪರಿಷತ್ತಿನಲ್ಲಿವೆ. ತಂದೆಯ ಚಿತ್ರಗಳಲ್ಲಿ ಬಣ್ಣ ದಟ್ಟ ಗೆರೆಗಳೊಳಗೆ ಗೂಡುಕಟ್ಟಿ ಹೊಳೆಯುವುದನ್ನು ನೋಡುವಾಗ ನನಗೆ ತಲಾಶ್ಕಿನೊ ನೆನಪಾಗದೆ ಇರುವುದಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೀದರಿನದು. ಬಿದ್ರಿ ಹೂಜಿಯ ಮೈ ಸತು ಮತ್ತು ತಾಮ್ರ. ಬೆಳ್ಳಿ ಇರುವುದು ಕೊರೆದ ಗೀರುಗಳಿಗೆ ಬಡಿದು ಕೂರಿಸಿದ ತಂತಿಯಾಗಿ, ತೆಳು ತಗಡಾಗಿ. ರಷ್ಯಾದವನು ತಂತಿಯನ್ನು ಮೈಮೇಲೆ ಎಬ್ಬಿಸಿದ, ಬೀದರಿನವನು ಮೈಯೊಳಗೆ ಇಳಿಸಿದ. ಒಬ್ಬನಿಗೆ ಬಣ್ಣ ಕೊಟ್ಟದ್ದು ಗಾಜು. ಇನ್ನೊಬ್ಬನಿಗೆ ಕಪ್ಪು ಕೊಟ್ಟದ್ದು ನವಸಾಗರದ ಜೊತೆ ಕುದಿಸಿದ ಬೀದರ್ ಕೋಟೆಯ ಮಣ್ಣು, ನಾಲಿಗೆಗೆ ತಾಗಿಸಿ ರುಚಿ ನೋಡಿ ಆರಿಸಿದ ಮಣ್ಣು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು, 2023ರಲ್ಲಿ ಬಿದ್ರಿ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆ ಹೂಜಿಯನ್ನು ನಮ್ಮ ಪೇಟೆಯ ತಕ್ಕಡಿಯ ಮೇಲಿಟ್ಟರೆ ಅದು ಗುಜರಿ.

ಚನ್ನರಾಯಪಟ್ಟಣದವರಿಗೆ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ. ಎಕರೆಗೆ ಇಷ್ಟು ಎಂದು ದರ ಕಟ್ಟಿ ಸರ್ಕಾರ 13 ಹಳ್ಳಿಗಳ ಭೂಮಿ ಕೇಳಿದಾಗ, ಉತ್ತು ಬಿತ್ತಿ ಹದಮಾಡಿದ ನೆಲಕ್ಕೆ ಬರೀ ವಿಸ್ತೀರ್ಣದ ಬೆಲೆ ಒಪ್ಪೆವೆಂದು ಸಾವಿರ ದಿನ ಮೀರಿ ಧರಣಿ ಕೂತವರು ಇಲ್ಲಿಯ ರೈತರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ನೆಲದ ವಿಷಯದಲ್ಲಿ ಒಪ್ಪದ ಲೆಕ್ಕವನ್ನು ಮನೆಯ ಭರಣಿಯ ವಿಷಯದಲ್ಲಿ ನಾವೇಕೆ ತುಟಿ ಬಿಚ್ಚದೆ ಒಪ್ಪುತ್ತೇವೆ?

ಒಂದು ಆಕ್ಷೇಪವನ್ನು ಮಾತ್ರ ಗೌರವದಿಂದ ಎದುರಿಸಬೇಕು. ಕಷ್ಟಕಾಲಕ್ಕೆ ಬೆಳ್ಳಿ ಅಡವಿಡುವ ಬಡ ಮನೆಗೆ ತಕ್ಕಡಿಯೇ ರಕ್ಷೆ. ಕೆಲಸಕ್ಕೆ ಬೆಲೆ ಎಂದು ಶುರುವಾದರೆ ಬಾಯಿ ಬಲವಿದ್ದವನು ಗೆಲ್ಲುತ್ತಾನೆ, ಮೋಸಕ್ಕೆ ದಾರಿಯಾಗುತ್ತದೆ. ರಷ್ಯಾದ ಬೆಳ್ಳಿಯಲ್ಲೂ ಇದಾಗಿದೆ: ಹಳೇ ಮುದ್ರೆಯ ಸಾದಾ ಚಮಚಕ್ಕೆ ಈಚೆಗೆ ಮೀನಾ ತುಂಬಿ ಮಾರಿದ್ದಾರೆ, ಫ್ಯಾಬರ್ಜೆಯ ಸುಳ್ಳು ಮುದ್ರೆ ಒತ್ತಿದ್ದಾರೆ. ಸಾಲಕ್ಕೆ ತೂಕದ ಅಳತೆ ಇರಲಿ, ನಾನು ತೆಗೆಯಿರಿ ಎನ್ನುತ್ತಿಲ್ಲ. ಆದರೆ ಸಾಲ ಕೇಳದ, ಹಸಿವಿಲ್ಲದ ಮನೆಗಳೂ ಅಜ್ಜಿಯ ಭರಣಿ ಕೊಟ್ಟು ಯಂತ್ರದಲ್ಲಿ ಒತ್ತಿದ ಹೊಸ ತಟ್ಟೆ ತರುತ್ತಿವೆ. ಅಲ್ಲಿ ಬಡತನದ ಸಬೂಬು ನಡೆಯುವುದಿಲ್ಲ. ಆ ಭರಣಿಯನ್ನು ತಿರುವಿ ಹಾಕಿ, ಚಾಣದ ಏಟು ಎಲ್ಲಿ ಆಳ ಎಲ್ಲಿ ಹಗುರ, ಬೆಸುಗೆ ಎಲ್ಲಿ ಮರೆಯಾಗಿದೆ, ಮುಚ್ಚಳ ಬಾಯಿಗೆ ಹೇಗೆ ಕೂರುತ್ತದೆ ಎಂದು ಬೆಳಕಿಗೆ ಹಿಡಿದು ನೋಡಲು ದುಡ್ಡು ಬೇಡ. ಮಾಡಿದ ಅಕ್ಕಸಾಲಿಯ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದು ಅದರೊಳಗಿಡಲೂ ದುಡ್ಡು ಬೇಡ. ತಕ್ಕಡಿಗೆ ಒಯ್ಯುವುದೋ ಬೇಡವೋ ಎಂಬ ಮಾತು ಅಷ್ಟಾದ ಮೇಲೆ ಬರಲಿ.