ಮಾಸ್ಕ್ ಹಾಕಿದ ಅಕ್ಷರ: ಶಾಸನದ ಫೋಟೋ ತಿದ್ದುವುದಕ್ಕೊಂದು ಮಿತಿ ಬೇಕು

ಸವೆದ ಶಾಸನದ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದುವುದು ಈಗ ರೂಢಿ. ಅದರಲ್ಲಿ ಎರಡು ಬಗೆ. ಇಡೀ ಚಿತ್ರದ ಬೆಳಕು, ಕಾಂಟ್ರಾಸ್ಟ್ ಒಂದೇ ಸಮ ಬದಲಿಸುವುದು ಒಂದು. ಬೇಕಾದ ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿ, ಬ್ರಷ್ ಆಡಿಸಿ, ಅಲ್ಲಷ್ಟೇ ಕಪ್ಪು ಹೆಚ್ಚಿಸುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದು ಶಾಸನಪಾಠಕ್ಕೇ ಅಪಾಯ.

ಯಾಕೆ ಅಂದರೆ, ಇಡೀ ಚಿತ್ರಕ್ಕೆ ಕಾಂಟ್ರಾಸ್ಟ್ ಕೊಟ್ಟಾಗ ಉಳಿಯ ಗೆರೆ, ಕಲ್ಲಿನ ಬಿರುಕು, ಪಾಚಿ ಎಲ್ಲವೂ ಒಟ್ಟಿಗೆ ಎದ್ದು ಕಾಣುತ್ತವೆ. ಯಾವುದು ಅಕ್ಷರ, ಯಾವುದು ಬಿರುಕು ಅಂತ ನೋಡುವವರು ತಾವೇ ತೀರ್ಮಾನಿಸಬಹುದು. ಬ್ರಷ್ ಹಿಡಿದಾಗ ಹಾಗಲ್ಲ. ಎಲ್ಲಿ ಬಳಿಯಬೇಕು ಅಂತ ಗೊತ್ತಾಗಬೇಕಾದರೆ ಅಲ್ಲಿರುವ ಅಕ್ಷರ ಯಾವುದು ಅಂತ ಮೊದಲೇ ನಿರ್ಧರಿಸಿರಬೇಕು. ಓದು ಮೊದಲು, ಚಿತ್ರ ಆಮೇಲೆ. ಕೊನೆಗೆ ಅದೇ ಚಿತ್ರವನ್ನು ಓದಿಗೆ ಸಾಕ್ಷಿ ಅಂತ ಮುಂದಿಡ್ತೀವಿ!

ಹಳಗನ್ನಡ ಶಾಸನಗಳಲ್ಲಿ 'ಪ'ಕಾರದ ತಲೆ ತೆರೆದಿರುತ್ತದೆ, 'ವ'ಕಾರದ್ದು ಮುಚ್ಚಿರುತ್ತದೆ. ತಲೆಯ ಹತ್ತಿರ ಬ್ರಷ್ ಒಂದು ಸಲ ಜಾಸ್ತಿ ಆಡಿದರೆ ಪದವೇ ಬದಲಾದೀತು. ಕಲ್ಲಿನ ಸಹಜ ಗುಳಿಯೊಂದನ್ನು ಕಪ್ಪಾಗಿಸಿದರೆ ಅನುಸ್ವಾರ ಸಿದ್ಧ. ಅಂಕಿಗಳ ಮಾತಂತೂ ಇನ್ನೂ ಸೂಕ್ಷ್ಮ. ಕನ್ನಡದ ೬ ಮತ್ತು ೯ರ ನಡುವಿನ ವ್ಯತ್ಯಾಸ ಬಾಲದಲ್ಲಷ್ಟೇ. ಶಕ 1265 ಎಂದಿರುವುದು 1295 ಆದರೆ ಮೂವತ್ತು ವರ್ಷ ಅತ್ತಿತ್ತ. ಸಂವತ್ಸರದ ಹೆಸರು ಉಳಿದಿದ್ದರೆ ತಪ್ಪು ಸಿಕ್ಕಿಬೀಳುತ್ತದೆ: 1265 ಸುಭಾನು, 1295 ಪ್ರಮಾದೀಚ. ಆ ಹೆಸರೂ ತ್ರುಟಿತವಾಗಿದ್ದರೆ ಹಿಡಿಯುವವರು ಯಾರು?

ಇದು ಹೊಸ ರೋಗವೇನಲ್ಲ. ಅಕ್ಷರಗಳಿಗೆ ಸೀಮೆಸುಣ್ಣ ತುಂಬಿ ಫೋಟೋ ತೆಗೆಯುವುದು, ಪಡಿಯಚ್ಚಿನ ಮೇಲೆ ಕೈಯಿಂದ ಗೆರೆ ತಿದ್ದುವುದು ಇದೇ ಜಾತಿಯವು. 1877ರಲ್ಲಿ ಕನಿಂಗ್‌ಹ್ಯಾಮ್ ಪ್ರಕಟಿಸಿದ ಅಶೋಕನ ಶಾಸನಗಳ ಸಂಪುಟದ ಫಲಕಗಳು ಕಣ್ಣಿಂದ ನೋಡಿ ಕೈಯಿಂದ ಬರೆದ ನಕಲುಗಳನ್ನು ನೆಚ್ಚಿದ್ದವು. 1925ರಲ್ಲಿ ಹುಲ್ಟ್ಸ್ ಆ ಶಾಸನಗಳನ್ನು ಮತ್ತೆ ಸಂಪಾದಿಸಿದರು. ಆದರೆ ಕೈಬರಹದ ನಕಲು ನೋಡಿದ ಕೂಡಲೇ ಅದು ನಕಲು ಅಂತ ಗೊತ್ತಾಗುತ್ತದೆ. ಮಾಸ್ಕ್ ಹಾಕಿದ ಫೋಟೋ ಫೋಟೋದಂತೆಯೇ ಕಾಣುತ್ತದೆ, ಅದಕ್ಕೇ ಜನ ನಂಬ್ತಾರೆ.

"ಸಾಮಾನ್ಯ ಜನರಿಗೂ ಅಕ್ಷರ ಕಾಣಲಿ ಅಂತ ತಾನೇ ಮಾಡೋದು?" ಅನ್ನಬಹುದು. ಉದ್ದೇಶ ಒಳ್ಳೆಯದೇ. ಹಾಗಾದರೆ ಫೋಟೋದ ಪಕ್ಕದಲ್ಲಿ ರೇಖಾಚಿತ್ರ ಕೊಡಿ. ಅದು ನಿಮ್ಮ ಓದು ಅಂತ ಎಲ್ಲರಿಗೂ ತಿಳಿಯುತ್ತದೆ.

ಅಕ್ಷರ ಕಾಣಿಸಲು ಬೇರೆ ದಾರಿಗಳೂ ಇವೆ. ಓರೆ ಬೆಳಕು ಬಿಟ್ಟು, ಎಡ, ಬಲ, ಮೇಲೆ, ಕೆಳಗೆ ಹೀಗೆ ದಿಕ್ಕು ಬದಲಿಸಿ ನಾಲ್ಕಾರು ಫೋಟೋ ತೆಗೆದರೆ ಒಂದರಲ್ಲಿ ಮರೆಯಾದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಧಾನ ಇದೇ ತತ್ವದ್ದು: ಕ್ಯಾಮೆರಾ ಅಲುಗದೆ ನಿಂತಿರುತ್ತದೆ, ದೀಪ ಮಾತ್ರ ಜಾಗ ಬದಲಿಸುತ್ತದೆ, ಆಮೇಲೆ ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಬಿಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಮಾಡುತ್ತಿರುವ ಮೂರು ಆಯಾಮದ ಸ್ಕ್ಯಾನಿಂಗ್ ಕೂಡ ಕಲ್ಲಿನ ಮೇಲ್ಮೈಯ ಉಬ್ಬುತಗ್ಗನ್ನೇ ಅಳೆಯುತ್ತದೆ. ಇಲ್ಲೆಲ್ಲ ಬೆಳಕು ಇಡೀ ಕಲ್ಲಿಗೆ ಒಂದೇ, ಯಾವ ಅಕ್ಷರಕ್ಕೂ ವಿಶೇಷ ಉಪಚಾರವಿಲ್ಲ.

ಆದರೂ ಮಾಸ್ಕ್ ಬೇಕೇ ಬೇಕು ಅನ್ನುವವರು ಮೂರು ಶಿಸ್ತು ಪಾಲಿಸಲಿ. ತಿದ್ದದ ಮೂಲ ಚಿತ್ರವನ್ನೂ ಜೊತೆಗೇ ಹಾಕಿ. ಯಾವ ಸಾಲು, ಯಾವ ಅಕ್ಷರಕ್ಕೆ ಕೈ ಹಾಕಿದ್ದೀರಿ ಅಂತ ಬರೆಯಿರಿ. ಕಲೆ ಅಳಿಸುವ ಹೀಲಿಂಗ್ ಬ್ರಷ್, ಖಾಲಿ ಜಾಗ ತುಂಬುವ ಎಐ ಸಲಕರಣೆಗಳನ್ನು ಮುಟ್ಟಲೇಬೇಡಿ. ಲೈಟ್‌ರೂಮ್ ಒಳಗೆ ಮೂಲ ಚಿತ್ರ ಹಾಗೇ ಉಳಿದಿರುತ್ತದೆ, ನಿಜ. ಆದರೆ ಜೆಪೆಗ್ ಮಾಡಿ ವಾಟ್ಸಾಪಿಗೆ ಬಿಟ್ಟ ಮೇಲೆ ನೋಡುವವರಿಗೆ ಸಿಗೋದು ತಿದ್ದಿದ್ದು ಮಾತ್ರ.

ರಸ್ತೆ ಅಗಲೀಕರಣಕ್ಕೋ ಮನೆಯ ಪಾಯಕ್ಕೋ ಕಲ್ಲು ಹೋದರೆ ಉಳಿಯುವುದು ಆ ಫೋಟೋ ಒಂದೇ. ಅದರಲ್ಲಿರುವ ಅಕ್ಷರವನ್ನು ಕೆತ್ತಿದವನು ರೂವಾರಿಯೋ ನಾವೋ ಅನ್ನುವ ಅನುಮಾನ ಮುಂದಿನವರಿಗೆ ಬರಬಾರದು.